ಪೇಟೆಯ ಮನಸ್ಸು, ದುಡಿಯುವವರ ಗಂಟು

ಬೆಂಗಳೂರಿನ ಜೀವನ್ ಬಿಮಾ ನಗರ ಹೆಸರು ಹೊತ್ತಿರುವುದು ಜೀವ ವಿಮೆಯದು. 1956ರಲ್ಲಿ ವಿಮೆಯನ್ನು ರಾಷ್ಟ್ರೀಕರಿಸಿ, 5 ಕೋಟಿ ರೂಪಾಯಿ ಸರ್ಕಾರಿ ಬಂಡವಾಳದಿಂದ ಕಟ್ಟಿದ ನಿಗಮದ ಶೇಕಡ 3.5 ಪಾಲನ್ನು 2022ರ ಮೇ ತಿಂಗಳಲ್ಲಿ ಮಾರಿದರು. ನೌಕರರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. 949 ರೂಪಾಯಿಯ ಷೇರು ಮುಂಬಯಿ ಪೇಟೆಯಲ್ಲಿ 867ಕ್ಕೆ ತೆರೆಯಿತು. 2023ರಲ್ಲಿ ಇನ್ನೂ ಕುಸಿಯಿತು. 2024ರಲ್ಲಿ 949ನ್ನು ದಾಟಿತು. ನಿಗಮ ಅದೇ, ದುಡಿಯುವ ಕೈಗಳೂ ಅವೇ; ಹೊಯ್ದಾಡಿದ್ದು ಬಹುಪಾಲು ಪೇಟೆಯ ಮನಸ್ಸು.

ಲಾಭದ ಸಂತೋಷಕ್ಕಿಂತ ಅಷ್ಟೇ ನಷ್ಟದ ನೋವು ಹೆಚ್ಚೆಂದು ಕಾನೆಮನ್, ಟ್ವೆರ್ಸ್ಕಿ ಎಂಬ ವಿದ್ವಾಂಸರು 1979ರಲ್ಲೇ ತೋರಿಸಿದರು. ಹೆದರಿದ ಬಡವ ಅಗ್ಗಕ್ಕೆ ಮಾರುತ್ತಾನೆ. ಕಾಯಬಲ್ಲ ಧನಿಕ ಕೊಳ್ಳುತ್ತಾನೆ. ಕಚೇರಿಯ ಕಣ್ಣೂ ವಿಧವೆಯ ಅರ್ಜಿಯಿಂದ ದರದ ಹಲಗೆಗೆ ತಿರುಗಿದರೆ ವಿಮೆಗೆ ಅರ್ಥವೇನು? ಉಳಿದ ಪಾಲನ್ನು ಮಾರಕೂಡದೆಂದು ನಾವು ಒತ್ತಾಯಿಸುತ್ತೇವೆ. ಕಂತು ಕಟ್ಟುವ ಕಾರ್ಮಿಕರೂ ವರ್ತಕರೂ ವಿಮಾ ನೌಕರರೊಡನೆ ನಿಲ್ಲಬೇಕು.