ಒಂದು ಸಾಲಿನ ಅಪ್ಪಣೆ

ಆಲ್ದೂರಿನ ಕಡೆ ಮಳೆ ಹಿಡಿಯಿತೆಂದರೆ ಮುಂದಿನದು ಎಲ್ಲರಿಗೂ ಗೊತ್ತು. ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಟವರೂ ಸುಮ್ಮನಾಗುತ್ತದೆ. ಅಂಥ ಸಂಜೆ ಪಿಯುಸಿ ಓದುವ ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಯಂತ್ರಕ್ಕೆ ಭೌತಶಾಸ್ತ್ರದ ಪ್ರಶ್ನೆ ಕೇಳುತ್ತಿದ್ದಾಳೆನ್ನಿ. "ಏನೇ ಪುಟ್ಟಿ, ನೆಟ್ ಬಂತಾ?" ಎಂದು ಅಪ್ಪ ಕೇಳುವುದು ಸಹಜ. ನೆಟ್ ಬಂದಿಲ್ಲ. ಉತ್ತರ ಬರುತ್ತಿರುವುದು ಅದೇ ಲ್ಯಾಪ್‌ಟಾಪಿನ ಹೊಟ್ಟೆಯಿಂದ.

ಇದೇನೂ ಪವಾಡವಲ್ಲ. ಚಾಟ್‌ಜಿಪಿಟಿಯ ಜಾತಿಗೆ ಸೇರಿದ 'ಭಾಷಾ ಮಾದರಿ' ಎಂದರೆ ಕೊನೆಗೂ ಒಂದು ದೊಡ್ಡ ಫೈಲು, ಅದರ ತುಂಬ ಸಂಖ್ಯೆಗಳು. ಅಂಥ 700 ಕೋಟಿ ಸಂಖ್ಯೆಗಳ ಮಾದರಿಯಲ್ಲಿ ಒಂದೊಂದಕ್ಕೂ ಎರಡು ಬೈಟ್ ಕೊಟ್ಟರೆ 14 ಗಿಗಾಬೈಟ್ ಆಗುತ್ತದೆ. ಅದೇ ಸಂಖ್ಯೆಗಳನ್ನು ಒರಟಾಗಿ ಅಂದಾಜು ಮಾಡಿ ನಾಲ್ಕೇ ಬಿಟ್‌ಗೆ ಇಳಿಸಿದರೆ ನಾಲ್ಕು ಗಿಗಾಬೈಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಬಲ್ಗೇರಿಯಾದ ಗಿಯೋರ್ಗಿ ಗೆರ್ಗಾನೋವ್ 2023ರ ಮಾರ್ಚಿನಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟ 'ಲಾಮಾ.ಸಿಪಿಪಿ' ತಂತ್ರಾಂಶ, ಇಂಥ ಮಾದರಿಗಳನ್ನು ಮನೆಯ ಕಂಪ್ಯೂಟರಿನಲ್ಲೂ ಓಡಿಸಬಹುದೆಂದು ತೋರಿಸಿಕೊಟ್ಟಿತು.

ಆದರೆ ಅಷ್ಟು ದೊಡ್ಡ ಫೈಲನ್ನು ಪ್ರತಿ ಪ್ರಶ್ನೆಗೂ ಹೊಸದಾಗಿ ಮೆಮೊರಿಗೆ ಏರಿಸಿ ಇಳಿಸುತ್ತ ಕೂತರೆ ಬೆಳಗಾಗಿಬಿಡುತ್ತದೆ. ಹಿಟ್ಟಿನ ಗಿರಣಿಯವನು ಒಂದೊಂದು ಡಬ್ಬಿಗೂ ಮೋಟರ್ ನಿಲ್ಲಿಸಿ ಮತ್ತೆ ಹಾಕುತ್ತಾನೆಯೆ? ಒಮ್ಮೆ ಹಾಕಿದ ಮೇಲೆ ಅದು ಓಡುತ್ತಲೇ ಇರುತ್ತದೆ, ಬಂದವರ ಡಬ್ಬಿಗಳು ಸಾಲಾಗಿ ಕೂರುತ್ತವೆ. ಇಲ್ಲೂ ಹಾಗೆಯೇ. ಮಾದರಿಯನ್ನು ಒಮ್ಮೆ ಏರಿಸಿಟ್ಟು, ಮುಂದೆ ಒಂದು ಪುಟ್ಟ ಕಿಟಕಿ ತೆರೆಯಬೇಕು. ಆ ಕಿಟಕಿಯಲ್ಲಿ ನಡೆಯುವ ವ್ಯವಹಾರದ ಭಾಷೆಯೇ ಎಚ್‌ಟಿಟಿಪಿ. ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಜಾಲತಾಣಗಳಿಗೆಂದು ರೂಪಿಸಿದ ನಿಯಮಾವಳಿ ಅದು. ಹೊರಗಿನ ಇಂಟರ್‌ನೆಟ್ ಇಲ್ಲದಿದ್ದರೂ ಅದು ಮನೆಯ ವೈ-ಫೈ ಮೇಲೆ ನಡೆಯುತ್ತದೆ. ರೂಟರ್‌ಗೆ ಯುಪಿಎಸ್ ಇದ್ದರೆ ತಮ್ಮನೂ ತನ್ನ ಫೋನಿನಿಂದ ಅದೇ ಯಂತ್ರವನ್ನು ಕೇಳಬಹುದು.

ಇನ್ನು ಗಿರಣಿಯ ಸ್ವಿಚ್ಚು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು 2023ರಲ್ಲಿ ಹೊರತಂದ 'ವಿಎಲ್‌ಎಲ್‌ಎಂ' ದೊಡ್ಡ ಯಂತ್ರಗಳ ಮೇಲೆ ನೂರಾರು ಜನರಿಗೆ ಒಟ್ಟಿಗೆ ಉತ್ತರ ಕೊಡುವ ತಂತ್ರಾಂಶ. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೊರಟ ಬಸ್ಸು ಆಲ್ದೂರಿನಲ್ಲಿ ಇಳಿದವರ ಜಾಗಕ್ಕೆ ಹೊಸಬರನ್ನು ಹತ್ತಿಸಿಕೊಳ್ಳುವಂತೆ, ಒಬ್ಬರ ಉತ್ತರ ಮುಗಿದೊಡನೆ ಮತ್ತೊಬ್ಬರ ಪ್ರಶ್ನೆಯನ್ನು ಅದು ಹತ್ತಿಸಿಕೊಳ್ಳುತ್ತದೆ. ಬುದ್ಧಿವಂತಿಕೆಗೆ ಕೊರತೆ ಇರಲಿಲ್ಲ, ಶುರುಮಾಡುವುದೇ ರಗಳೆ. 'ಪೈಥಾನ್ -ಎಂ ವಿಎಲ್‌ಎಲ್‌ಎಂ.ಎಂಟ್ರಿಪಾಯಿಂಟ್ಸ್.ಓಪನ್‌ಎಐ.ಎಪಿಐ_ಸರ್ವರ್' ಎಂದು, ಊರು, ಅಂಚೆ, ಹೋಬಳಿ, ತಾಲ್ಲೂಕು ಎಲ್ಲ ಬರೆದ ವಿಳಾಸದಂತೆ ಟೈಪು ಮಾಡಬೇಕಿತ್ತು. 2024ರಲ್ಲಿ ಇದಕ್ಕೊಂದು ಮೊಟಕು ಮುಂಬಾಗಿಲು ಸೇರಿತು: 'ವಿಎಲ್‌ಎಲ್‌ಎಂ ಸರ್ವ್', ಮುಂದೆ ಮಾದರಿಯ ಹೆಸರು. ಅಷ್ಟೇ. ಎಂಜಿನ್ ಅದೇ, ಆದರೆ ಸ್ವಿಚ್ಚು ಕೈಗೆ ಸಿಗುವಲ್ಲಿಗೆ ಬಂತು. ಇಂಥ ಕೆಲಸವನ್ನು ಚಿಲ್ಲರೆ ಎಂದು ಭಾವಿಸುವ ಎಂಜಿನಿಯರುಗಳಿದ್ದಾರೆ. ಬಳಸುವವರು ಹಾಗೆ ಭಾವಿಸುವುದಿಲ್ಲ.

ಆ ಸಾಲಿನ ಕೊನೆಗೆ ಅಂಟಿಸುವ ಒಂದು ಆಯ್ಕೆಯ ಬಗ್ಗೆ ಮಾತ್ರ ಅಪ್ಪ ಅಮ್ಮಂದಿರೂ ತಿಳಿದಿರಬೇಕು. ಅದೇ 'ಹೋಸ್ಟ್'. ಅಲ್ಲಿ 127.0.0.1 ಎಂದಿದ್ದರೆ ಕಿಟಕಿ ಮನೆಯ ಒಳಗಡೆಗೆ ತೆರೆದಿದೆ, ಅದೇ ಕಂಪ್ಯೂಟರಿಗೆ ಮಾತ್ರ. 0.0.0.0 ಎಂದು ಕೊಟ್ಟರೆ ಬೀದಿಗೆ ತೆರೆದಂತೆ: ಆ ಜಾಲದಲ್ಲಿರುವ ಯಾರು ಬೇಕಾದರೂ ಬಂದು ತಟ್ಟಬಹುದು. ಮನೆಯ ವೈ-ಫೈಗೆ ಗಟ್ಟಿ ಪಾಸ್‌ವರ್ಡ್ ಇದ್ದರೆ ತಮ್ಮನಿಗಾಗಿ ಇಷ್ಟು ತೆರೆಯಬಹುದು. ಅದೇ ಸಾಲನ್ನು ಹಾಸ್ಟೆಲಿನ ಜಾಲದಲ್ಲಿ ಹಾಗೇ ಓಡಿಸಿದರೆ ಪಕ್ಕದ ಕೋಣೆಯವರ ಕೆಲಸಕ್ಕೆ ಇವಳ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ಅಂಥಲ್ಲಿ 'ಎಪಿಐ ಕೀ' ಎಂಬ ಬೀಗ ಹಾಕಲೇಬೇಕು.

ಕನ್ನಡದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕಂಪ್ಯೂಟರಿನ ಯುಟಿಎಫ್-8 ಪದ್ಧತಿಯಲ್ಲಿ 'ಕಾಫಿ' ಎಂಬ ಎರಡಕ್ಷರದ ಪದ ನಾಲ್ಕು ಸಂಕೇತ, ಒಟ್ಟು 12 ಬೈಟ್. ಇಂಗ್ಲಿಷಿನ ಆರಕ್ಷರದ ಪದಕ್ಕೆ ಆರೇ ಬೈಟ್. ಮಾದರಿಗಳು ಪಠ್ಯವನ್ನು 'ಟೋಕನ್' ಎಂಬ ತುಂಡುಗಳಾಗಿ ಕತ್ತರಿಸಿಕೊಂಡೇ ಓದುವುದು. ಮೆಟಾ ಕಂಪನಿಯ 'ಲಾಮಾ 2' ಮಾದರಿಯ 32,000 ತುಂಡುಗಳಲ್ಲಿ ಕನ್ನಡಕ್ಕೆ ಸಿಕ್ಕ ಪಾಲು ತೀರ ಅಲ್ಪ. ಹಾಗಾಗಿ ಕನ್ನಡದ ಪದ ಚೂರುಚೂರಾಗುತ್ತದೆ, ಉತ್ತರ ಬಹಳ ನಿಧಾನವಾಗುತ್ತದೆ, ಒಂದು ಸಲಕ್ಕೆ ಇಷ್ಟೇ ಟೋಕನ್ ಎಂಬ ಮಿತಿಯೂ ಬೇಗ ತುಂಬಿಹೋಗುತ್ತದೆ. 2024ರಲ್ಲಿ ಟೆನ್ಸೋಯಿಕ್ ತಂಡದವರು ಅದೇ ಮಾದರಿಗೆ ಸಾವಿರಾರು ಕನ್ನಡದ ತುಂಡುಗಳನ್ನು ಸೇರಿಸಿ 'ಕನ್-ಲಾಮಾ' ಹೊರತಂದದ್ದು ಈ ಕಾರಣಕ್ಕೇ. ಸಣ್ಣ ಮಾದರಿಗಳು ಧೈರ್ಯವಾಗಿ ತಪ್ಪು ಹೇಳುತ್ತವೆ ಎಂಬುದೂ ನೆನಪಿರಲಿ. ಪಠ್ಯಪುಸ್ತಕ ಪಕ್ಕದಲ್ಲಿರಬೇಕು.

ಇಂಥ ಮುಂಬಾಗಿಲನ್ನು ಹುಡುಗಿ ತಾನೇ ಕಟ್ಟಬಹುದೆ? ಖಂಡಿತ. ಪೈಥಾನ್ ಜೊತೆಗೇ ಬರುವ 'ಆರ್ಗ್‌ಪಾರ್ಸ್' ಆಯ್ಕೆಗಳನ್ನು ಓದಿಕೊಳ್ಳುತ್ತದೆ, 'ಎಚ್‌ಟಿಟಿಪಿ.ಸರ್ವರ್' ಕಿಟಕಿ ತೆರೆಯುತ್ತದೆ. ಎರಡಕ್ಕೂ ಬಿಡಿಗಾಸು ಬೇಡ. ನಾಲ್ಕು ಸಂಜೆ ಕೂತರೆ ಒಂದು ಪುಟದಷ್ಟು ಪ್ರೋಗ್ರಾಂ ಆಗುತ್ತದೆ. ಆಯ್ಕೆಯೊಂದು ಏಕಿದೆ ಎಂದು 'ಹೆಲ್ಪ್' ಕೇಳಿದವರಿಗೆ ತೋರಿಸುವ ವಿವರಣೆಯನ್ನೂ ಅವಳೇ ಬರೆಯಬೇಕು. ಪಕ್ಕದ ಮೂಡಿಗೆರೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕನ್ನಡ ಬರಲೇಬೇಕೆಂದು ಹಟ ಹಿಡಿದಿದ್ದ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಅದರ ಮರುವರ್ಷ ಬಂದ ಪೈಥಾನ್ 3ರಲ್ಲಿ ಆ ವಿವರಣೆಯನ್ನು ನೇರವಾಗಿ ಕನ್ನಡದಲ್ಲೇ ಬರೆಯಬಹುದು, ಯಂತ್ರ ತಕರಾರು ಮಾಡುವುದಿಲ್ಲ.