ಬೇಸರವಾದರೂ ಬಿಡಲಾಗದ ಆಟ

ಹಸಿವು, ಬಾಯಾರಿಕೆ, ನಿದ್ರೆ, ನೋವು ಇವೆಲ್ಲ ದೇಹವು ನಮಗೆ ಕಳುಹಿಸುವ ಸೂಚನೆಗಳು. ಹಸಿದಾಗ ಉಣ್ಣುತ್ತೇವೆ, ದಣಿದಾಗ ಮಲಗುತ್ತೇವೆ. ಬೇಸರವೂ ಇದೇ ಸಾಲಿಗೆ ಸೇರಿದ ಸೂಚನೆಯೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಈ ಕೆಲಸದಿಂದ ನಿನಗೆ ದೊರೆಯಬೇಕಾದುದು ದೊರೆತಾಯಿತು, ಇನ್ನು ಎದ್ದು ಬೇರೊಂದರ ಕಡೆಗೆ ಹೊರಡು ಎಂದು ಅದು ಮನಸ್ಸಿಗೆ ಹೇಳುತ್ತದೆ. ಎಳೆಯ ಮಗುವೊಂದು ಕೈಯಲ್ಲಿದ್ದ ಆಟಿಕೆಯನ್ನು ಬದಿಗಿಟ್ಟು ಅಂಗಳಕ್ಕೆ ಓಡುವುದು ಈ ಸೂಚನೆಯ ಬಲದಿಂದಲೇ. ಬೇಸರ ಬಂದ ಮೇಲೂ ಏಳಲಾಗದಂತೆ ಹಿಡಿದಿಡುವ ವಸ್ತುವೊಂದು ನಮ್ಮ ಮಕ್ಕಳ ಕೈಯಲ್ಲಿದ್ದರೆ, ಅದನ್ನು ಆರೋಗ್ಯದ ಪ್ರಶ್ನೆಯೆಂದೇ ಎಣಿಸಬೇಕಾಗುತ್ತದೆ. ಅಂತರ್ಜಾಲದ ಮೂಲಕ ಆಡುವ ಪಾತ್ರಧಾರಣೆಯ ಆಟಗಳು, ಅಂದರೆ ರೋಲ್ ಪ್ಲೇಯಿಂಗ್ ಗೇಮ್‌ಗಳು, ಅನೇಕ ವೇಳೆ ಅಂಥ ವಸ್ತುಗಳಾಗಿವೆ.

ಈ ಆಟಗಳ ಕುರಿತು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು ಎರಡು: ಅವುಗಳಲ್ಲಿ ಹಿಂಸೆಯಿದೆ ಎಂಬುದು ಒಂದು, ಅವು ಬಹಳ ಹೊತ್ತನ್ನು ನುಂಗುತ್ತವೆ ಎಂಬುದು ಇನ್ನೊಂದು. ಎರಡನ್ನೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಹೊತ್ತನ್ನು ಯಾವ ಬಗೆಯ ಕೆಲಸ ನುಂಗುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆ ಅದೇ.

ರುಬ್ಬುವ ಆಟ

ಆಡುವವನು ಒಬ್ಬ ಯೋಧನ ಅಥವಾ ಮಾಂತ್ರಿಕನ ಪಾತ್ರವನ್ನು ತಾಳಿ, ಸಾವಿರಾರು ಸಹ ಆಟಗಾರರೊಡನೆ ಒಂದು ಕಲ್ಪಿತ ಲೋಕದಲ್ಲಿ ಸಂಚರಿಸುವುದು ಈ ಆಟಗಳ ಸ್ವರೂಪ. 1997ರ ಅಲ್ಟಿಮಾ ಆನ್‌ಲೈನ್, 1999ರ ಎವರ್‌ಕ್ವೆಸ್ಟ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಈ ಪ್ರಕಾರವನ್ನು ಬೆಳೆಸಿದವು. 2010ರ ಹೊತ್ತಿಗೆ ಕೊನೆಯದಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ ಚಂದಾದಾರರಿದ್ದರು. ದೂರದೂರದವರು ಒಂದುಗೂಡಿ ಯೋಜನೆ ಹಾಕುವುದು, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವುದು, ಅಪರಿಚಿತ ಭೂಭಾಗವನ್ನು ಕುತೂಹಲದಿಂದ ಹುಡುಕುವುದು ಇವುಗಳಲ್ಲಿವೆ. ಈ ಗುಣಗಳನ್ನು ಕಾಣದೆ ಆಟಗಳನ್ನು ಸಾರಾಸಗಟಾಗಿ ಹಳಿಯುವವರ ಮಾತಿಗೆ ಮಕ್ಕಳು ಕಿವಿಗೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ.

ಆದರೆ ಆ ಕುತೂಹಲಕ್ಕೆ ಮೀಸಲಾದ ಹೊತ್ತು ಬಹಳ ಕಡಿಮೆ. ಉಳಿದ ಹೊತ್ತೆಲ್ಲ ಒಂದೇ ಕೆಲಸದ ಆವರ್ತನೆಯಲ್ಲಿ ಕಳೆಯುತ್ತದೆ. ಹತ್ತು ಕಾಡುಹಂದಿಗಳನ್ನು ಕೊಂದು ಬಾ, ಇಪ್ಪತ್ತು ಎಲೆಗಳನ್ನು ಕಿತ್ತು ತಾ, ಈ ಓಲೆಯನ್ನು ಪಕ್ಕದ ಊರಿಗೆ ಮುಟ್ಟಿಸು ಎಂಬ ಆಜ್ಞೆಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಆಟಗಾರರೇ ಇದಕ್ಕೆ ಇಟ್ಟಿರುವ ಹೆಸರು ಗ್ರೈಂಡಿಂಗ್, ಅಂದರೆ ರುಬ್ಬುವುದು. ಒರಳಿಗೆ ಅಕ್ಕಿ ಹಾಕಿ ರುಬ್ಬಿದರೆ ಹಿಟ್ಟಾದರೂ ದೊರೆಯುತ್ತದೆ. ಇಲ್ಲಿ ದೊರೆಯುವುದು ಒಂದು ಅಂಕಿ ಮಾತ್ರ.

2001ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ರೂನ್‌ಸ್ಕೇಪ್ ಎಂಬ ಆಟವನ್ನು ನೋಡಿರಿ. ಮರ ಕಡಿಯುವುದು, ಮೀನು ಹಿಡಿಯುವುದು ಮೊದಲಾದ ಪ್ರತಿಯೊಂದು ಕೌಶಲದಲ್ಲಿಯೂ 99ನೆಯ ಮಟ್ಟವನ್ನು ಮುಟ್ಟುವುದು ಅಲ್ಲಿನ ಪ್ರಸಿದ್ಧ ಗುರಿ. ಅದಕ್ಕೆ ಬೇಕಾದ ಅಂಕಗಳು 1,30,34,431. ತೊಂಬತ್ತೆರಡನೆಯ ಮಟ್ಟಕ್ಕೆ ಬಂದವನು ಗುರಿ ಸಮೀಪಿಸಿತೆಂದು ಭಾವಿಸಬಹುದು. ಲೆಕ್ಕ ಹಾಕಿದರೆ ಅವನು ಅರ್ಧ ದಾರಿಯಲ್ಲಿದ್ದಾನೆ. ಉಳಿದ ಏಳು ಮಟ್ಟಗಳಿಗೆ ಹಿಂದಿನ ಎಲ್ಲ ಮಟ್ಟಗಳಿಗೆ ಬೇಕಾದಷ್ಟೇ ಅಂಕಗಳು ಬೇಕು. ಆಟದ ಹಳೆಯ ರೂಪದಲ್ಲಿ ಯೂ ಎಂಬ ಮರದ ಒಂದು ತುಂಡಿಗೆ 175 ಅಂಕಗಳು. ಆ ಮರವನ್ನೇ ಕಡಿಯುತ್ತ ಹೋದರೆ ಉಳಿದರ್ಧಕ್ಕೆ ಸುಮಾರು 37,000 ತುಂಡುಗಳಾಗಬೇಕು. ಮೊದಲ ತುಂಡಿಗೂ ಕೊನೆಯ ತುಂಡಿಗೂ ಬೆರಳಿನ ಕೆಲಸ ಒಂದೇ: ಮರದ ಮೇಲೆ ಒತ್ತುವುದು, ಕಾಯುವುದು, ಮತ್ತೆ ಒತ್ತುವುದು.

ಈ ಪ್ರವೃತ್ತಿಯನ್ನು ಗೇಲಿ ಮಾಡಲೆಂದೇ 2002ರಲ್ಲಿ ಎರಿಕ್ ಫ್ರೆಡ್ರಿಕ್ಸನ್ ಎಂಬವರು ಪ್ರೋಗ್ರೆಸ್ ಕ್ವೆಸ್ಟ್ ಎಂಬ ಆಟವನ್ನು ರಚಿಸಿದರು. ಅದರಲ್ಲಿ ಪಾತ್ರವನ್ನು ಆರಿಸಿದ ಮೇಲೆ ಆಡುವವನಿಗೆ ಬೇರೆ ಕೆಲಸವಿಲ್ಲ. ಕಾಳಗ, ಸಂಪಾದನೆ, ಮಟ್ಟದ ಏರಿಕೆ ಎಲ್ಲವನ್ನೂ ಗಣಕವೇ ಮಾಡಿಕೊಳ್ಳುತ್ತದೆ. ಮುಂದೆ ಕೊರಿಯಾದ ಮೊಬೈಲ್ ಆಟಗಳು ಇದನ್ನು ಗಂಭೀರವಾಗಿಯೇ ಅಳವಡಿಸಿಕೊಂಡವು. ಒಂದು ಗುಂಡಿ ಒತ್ತಿದರೆ ಪಾತ್ರವು ತಾನೇ ಓಡಾಡಿ ಕಾದಾಡುವ ಸೌಲಭ್ಯ ಅವುಗಳಲ್ಲಿ ಸಾಮಾನ್ಯವಾಯಿತು. ಆಟವು ತನ್ನನ್ನು ತಾನೇ ಆಡಿಕೊಳ್ಳಬೇಕಾದ ಸ್ಥಿತಿ ಬಂದರೆ, ಅದರಲ್ಲಿ ಮನುಷ್ಯನಿಗೆ ರುಚಿಸುವ ಅಂಶ ಎಷ್ಟಿತ್ತೆಂಬುದು ತಾನಾಗಿಯೇ ತಿಳಿಯುತ್ತದೆ.

ಕಲಿಸದ ಪಾಠ

ಈ ದೋಷ ಆರಂಭದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹೊಸಬನಿಗೆ ಆಟದ ರೀತಿಯನ್ನು ತಿಳಿಸುವ ಭಾಗಕ್ಕೆ ಟ್ಯುಟೋರಿಯಲ್ ಎನ್ನುತ್ತಾರೆ. ಬಾಣದ ಗುರುತು ತೋರಿದಲ್ಲಿ ಒತ್ತಬೇಕು, ಹೊಳೆಯುವ ಗುಂಡಿಯನ್ನೇ ಮುಟ್ಟಬೇಕು, ಜೊತೆಗಾರ ಪಾತ್ರದ ಉದ್ದನೆಯ ವಿವರಣೆಯನ್ನು ಪುಟ ಪುಟವಾಗಿ ಸರಿಸಬೇಕು. ತಪ್ಪು ಮಾಡುವ ಅವಕಾಶವೇ ಇಲ್ಲದ ಕಡೆ ಕಲಿಕೆ ಹೇಗಾದೀತು? ಗಂಟೆಗಟ್ಟಲೆ ಹೇಳಿಸಿಕೊಂಡ ಮೇಲೂ ಮಗುವಿಗೆ ತಿಳಿದಿರುವುದು ಹೊಳೆಯುವುದನ್ನು ಒತ್ತಬೇಕೆಂಬುದಷ್ಟೇ.

ಕಲಿಸುವುದಕ್ಕೆ ಇದೊಂದೇ ದಾರಿಯಲ್ಲ. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟದ ಮೊದಲ ಹಂತದಲ್ಲಿ ಉಪದೇಶದ ಒಂದು ಪದವೂ ಇಲ್ಲ. ಎದುರಿನಿಂದ ಒಂದು ಪುಟ್ಟ ಶತ್ರು ಬರುತ್ತದೆ. ಹಾರದಿದ್ದರೆ ಸೋಲು, ಹಾರಿದರೆ ಗೆಲುವು. ಎರಡನೆಯ ಪ್ರಯತ್ನಕ್ಕೆ ಪಾಠ ಮುಗಿದಿರುತ್ತದೆ. ನಮ್ಮ ಚೌಕಾಬಾರವನ್ನೂ ಚೆನ್ನೆಮಣೆಯನ್ನೂ ಮನೆಯ ಹಿರಿಯರು ಕಲಿಸಿದ್ದು ಹೀಗೆಯೇ: ಬಾ, ಕುಳಿತುಕೋ, ಆಡುತ್ತ ತಿಳಿಯುತ್ತದೆ ಎಂದು.

ದೀರ್ಘವಾದ ಆರಂಭವು ಜನರನ್ನು ದಣಿಸುತ್ತದೆಂಬುದು ಆಟದ ಸಂಸ್ಥೆಗಳಿಗೂ ತಿಳಿಯದ ಸಂಗತಿಯಲ್ಲ. ಫೈನಲ್ ಫ್ಯಾಂಟಸಿ 14 ಎಂಬ ಜಪಾನಿನ ಆಟವು 2020ರ ಆಗಸ್ಟ್‌ನಲ್ಲಿ ತನ್ನ ಮೊದಲ ಭಾಗದ ಹಲವು ಕೆಲಸಗಳನ್ನು ಕಡಿತಗೊಳಿಸಿತು. ಅದೇ ವರ್ಷ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಹೊಸಬರಿಗಾಗಿ ಚಿಕ್ಕದೊಂದು ಆರಂಭದ್ವೀಪವನ್ನು ರಚಿಸಿ, 120ಕ್ಕೆ ಏರಿದ್ದ ಮಟ್ಟಗಳನ್ನು 60ಕ್ಕೆ ಇಳಿಸಿತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಇದೇ ವಾರ್‌ಕ್ರಾಫ್ಟ್ 2014ರಲ್ಲಿ ಮೊದಲ ತೊಂಬತ್ತು ಮಟ್ಟಗಳನ್ನು ಒಮ್ಮೆಗೇ ದಾಟುವ ಸೌಲಭ್ಯವನ್ನು 60 ಡಾಲರಿಗೆ ಮಾರತೊಡಗಿತ್ತೆಂಬುದನ್ನೂ ನೆನಪಿಡಬೇಕು. ತಾನು ಬಡಿಸಿದ ಊಟವನ್ನು ಉಣ್ಣದಿರುವುದಕ್ಕೆ ದರ ನಿಗದಿ ಮಾಡುವ ಖಾನಾವಳಿಯನ್ನು ಊಹಿಸಿಕೊಳ್ಳಿ. ಆಟದ ಬಹುಭಾಗವನ್ನು ತಪ್ಪಿಸಿಕೊಳ್ಳಲು ಜನ ಹಣ ತೆರುತ್ತಾರೆಂದರೆ, ಆ ಭಾಗವು ಅವರ ಸಂತೋಷಕ್ಕಾಗಿ ಇರಲಿಲ್ಲವೆಂದೇ ಅರ್ಥ.

ಏಳಲಾಗದಿರುವುದೇಕೆ?

ಬೇಸರವಾದರೆ ಬಿಟ್ಟೇಳಬಹುದಲ್ಲ ಎಂದು ಹಿರಿಯರು ಕೇಳುತ್ತಾರೆ. ಏಳಲಾಗದಿರುವುದಕ್ಕೆ ಕಾರಣಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಕೊಕ್ಕಿನಿಂದ ಎಷ್ಟನೆಯ ಸಲ ಕುಕ್ಕಿದರೆ ಕಾಳು ಬೀಳುತ್ತದೆಂಬುದು ನಿಶ್ಚಿತವಾಗಿಲ್ಲದಿದ್ದಾಗ ಹಕ್ಕಿಯು ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಮುಂದಿನ ಕಾಡುಹಂದಿಯಿಂದ ಅಪರೂಪದ ಖಡ್ಗ ದೊರೆತೀತು ಎಂಬ ಆಸೆಯ ಹಿಂದೆಯೂ ಇದೇ ನಿಯಮ ಕೆಲಸ ಮಾಡುತ್ತದೆ. ಈ ನಿಯಮಗಳನ್ನು ಆಟದ ವಿನ್ಯಾಸಕ್ಕೆ ಹೇಗೆ ಅನ್ವಯಿಸಬಹುದೆಂದು ಜಾನ್ ಹಾಪ್ಸನ್ ಎಂಬವರು 2001ರಷ್ಟು ಹಿಂದೆಯೇ ಬಹಿರಂಗವಾಗಿ ಬರೆದಿದ್ದಾರೆ.

ಎರಡನೆಯದು ನಿತ್ಯದ ಕೆಲಸಗಳ ಕಟ್ಟು. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ಆಟದಲ್ಲಿ ದಿನಕ್ಕೆ ನಾಲ್ಕು ಚಿಕ್ಕ ಕೆಲಸಗಳಿರುತ್ತವೆ. ಬಹುಮಾನ ಪಡೆಯಲು ಬೇಕಾದ ರೆಸಿನ್ ಎಂಬ ಶಕ್ತಿಯು ಎಂಟು ನಿಮಿಷಕ್ಕೆ ಒಂದರಂತೆ ತುಂಬುತ್ತದೆ. ಪಾತ್ರೆ ತುಂಬಿದ ಮೇಲೆ ಬರುವುದು ವ್ಯರ್ಥ. 2024ರವರೆಗೆ ಪಾತ್ರೆಯ ಮಿತಿ 160 ಇತ್ತು. ಗುಣಿಸಿ ನೋಡಿದರೆ ಇಪ್ಪತ್ತೊಂದು ಗಂಟೆ ಇಪ್ಪತ್ತು ನಿಮಿಷ, ಅಂದರೆ ಒಂದು ದಿನಕ್ಕಿಂತ ಕಡಿಮೆ. ಈಗ 200 ಆಗಿದ್ದರೂ ಇಪ್ಪತ್ತೇಳು ಗಂಟೆಯೊಳಗೆ ಬಂದು ನೋಡದವನಿಗೆ ನಷ್ಟವೇ. ಹೀಗೆ ಆಟವು ಆಸೆಯಿಂದಲ್ಲ, ಕಳೆದುಕೊಳ್ಳುವ ಭಯದಿಂದ ಕರೆಯುತ್ತದೆ. ಗಾಣದ ಎತ್ತಿಗೆ ಕಣ್ಣುಪಟ್ಟಿ ಕಟ್ಟುವುದು ತಾನು ಒಂದೇ ಸುತ್ತಿನಲ್ಲಿ ತಿರುಗುತ್ತಿದ್ದೇನೆಂದು ಅದಕ್ಕೆ ತಿಳಿಯಬಾರದೆಂದು. ಮೇಲೇರುವ ಅಂಕಿಯೇ ಇಲ್ಲಿನ ಕಣ್ಣುಪಟ್ಟಿ. ಎಣ್ಣೆಯು ಗಾಣದ ಒಡೆಯನಿಗೆ.

ಎಲ್ಲ ಪುನರಾವರ್ತನೆಯೂ ಕೆಡುಕೆಂದು ನಾನು ಹೇಳುತ್ತಿಲ್ಲ. ಸಂಗೀತದ ವಿದ್ಯಾರ್ಥಿ ಸರಳೆವರಸೆಯನ್ನು ನೂರಾರು ಸಲ ಹಾಡುತ್ತಾನೆ, ಗರಡಿಯ ಹುಡುಗ ದಿನವೂ ಅದೇ ಬಸ್ಕಿ ಹೊಡೆಯುತ್ತಾನೆ. ಅಲ್ಲಿ ಪ್ರತಿ ಆವರ್ತನೆಯೂ ಕಂಠವನ್ನೋ ಮೈಯನ್ನೋ ಹದಗೊಳಿಸುತ್ತದೆ. ಬಿಟ್ಟು ಹೊರಬಂದ ಮೇಲೂ ಗಳಿಸಿದ್ದು ಜೊತೆಗಿರುತ್ತದೆ. ಕೈ ಕಲಿಯುವ ಪುನರಾವರ್ತನೆ ಅಭ್ಯಾಸ. ಅಂಕಿ ಮಾತ್ರ ಬೆಳೆಯುವ ಪುನರಾವರ್ತನೆ ಹೊಟ್ಟು ಕುಟ್ಟುವ ಕೆಲಸ. ದಿನದ ದುಡಿಮೆಯಿಂದ ದಣಿದ ವಯಸ್ಕರು ಆಟದೊಳಗೆ ಸುಮ್ಮನೆ ಮೀನು ಹಿಡಿಯುತ್ತ ಅರ್ಧ ಗಂಟೆ ವಿಶ್ರಾಂತಿ ಪಡೆಯುತ್ತೇವೆ ಎಂದರೆ ಅದನ್ನು ಆಕ್ಷೇಪಿಸಲು ಕಾರಣವಿಲ್ಲ. ಬೇಕೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯ ಅವರಿಗಿದೆಯೇ ಎಂಬುದಷ್ಟೇ ಪ್ರಶ್ನೆ.

ಗಂಟೆಯ ಲೆಕ್ಕವೊಂದೇ ಸಾಲದು

ಸರಕಾರಗಳು ಇದಕ್ಕೆ ಗಡಿಯಾರದ ಮೂಲಕ ಪರಿಹಾರ ಹುಡುಕಿವೆ. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರು ವರ್ಷದೊಳಗಿನವರಿಗೆ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟವನ್ನು ನಿರ್ಬಂಧಿಸಿ, ಹತ್ತು ವರ್ಷಗಳ ಬಳಿಕ ಆ ನಿಯಮವನ್ನು ಕೈಬಿಟ್ಟಿತು. ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಅನುಮತಿ ನೀಡಿತು. ನಿದ್ರೆಯ ರಕ್ಷಣೆಗೆ ಇಂಥ ಮಿತಿ ಉಪಯುಕ್ತವಾಗಬಹುದು. ಆದರೆ ಅದು ಹೊತ್ತನ್ನು ಅಳೆಯುತ್ತದೆಯೇ ಹೊರತು ಆ ಹೊತ್ತಿನೊಳಗಿನ ತಿರುಳನ್ನು ಅಳೆಯುವುದಿಲ್ಲ.

ಮನೆಯಲ್ಲಿಯೂ ಹೀಗೆಯೇ. ಮಗುವಿಗೆ ದಿನಕ್ಕೆ ಒಂದು ಗಂಟೆ ಕೊಟ್ಟಿದ್ದೀರಿ ಎನ್ನೋಣ. ನಿತ್ಯದ ಕೆಲಸಗಳಿಗೇ ಮುಕ್ಕಾಲು ಗಂಟೆ ಹೋದರೆ, ಅದು ನಿಜವಾಗಿ ಆಡಿದ್ದು ಕಾಲು ಗಂಟೆ. ಹೊತ್ತು ಮುಗಿಯಿತೆಂದು ಮೊಬೈಲು ಕಸಿದಾಗ ಇನ್ನೂ ಆಡಿಯೇ ಇಲ್ಲ ಎಂದು ಅದು ಅಳುತ್ತದೆ. ಅದು ಸುಳ್ಳಲ್ಲ. ಆ ಸತ್ಯವನ್ನು ಅರಿಯದೆ ಹಟವೆಂದು ಗದರಿದರೆ ಜಗಳ ಬೆಳೆಯುತ್ತದೆ. ಆಟದ ದೋಷವು ಮನೆಯ ದೋಷವಾಗಿ ಪರಿಣಮಿಸುತ್ತದೆ.

ಆದುದರಿಂದ ಎಷ್ಟು ಹೊತ್ತು ಆಡಿದೆ ಎಂದು ಕೇಳುವುದರ ಜೊತೆಗೆ, ಇಂದು ಏನು ಹೊಸದಾಗಿ ಮಾಡಿದೆ ಎಂದು ಕೇಳಿರಿ. ವಾರಕ್ಕೊಮ್ಮೆ ಪಕ್ಕದಲ್ಲಿ ಕುಳಿತು ನೋಡಿರಿ. ಮೂರು ದಿನ ಆಡದಿದ್ದರೆ ಏನು ನಷ್ಟವಾಗುತ್ತದೆಂದು ವಿಚಾರಿಸಿರಿ. ನಷ್ಟದ ಪಟ್ಟಿ ಉದ್ದವಾಗಿದ್ದರೆ ಆ ಆಟವನ್ನು ಬದಲಿಸುವ ಮಾತನ್ನು ಮಗುವಿನೊಡನೆ ಸಮಾಧಾನದಿಂದ ಆಡಿರಿ. ಕಥೆ ಮುಗಿಯುವ, ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದ ಆಟಗಳೂ ಬೇಕಾದಷ್ಟಿವೆ. ಆಡುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಕಣ್ಣಿಗೆ ಹಿತ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡುವ ಹೆಬ್ಬೆರಳಿಗೂ ಮಣಿಕಟ್ಟಿಗೂ ಬಿಡುವು ಬೇಕು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆ ಹೊತ್ತನ್ನು ಮೊದಲು ತೆಗೆದಿರಿಸಿ, ಉಳಿದುದರಲ್ಲಿ ಆಟಕ್ಕೆ ಪಾಲು ಕೊಡಿರಿ.

ಹೆಚ್ಚು ಆಡುವವರೆಲ್ಲ ರೋಗಿಗಳಲ್ಲ ಎಂಬುದನ್ನೂ ಮರೆಯಬಾರದು. 2022ರ ಜನವರಿಯಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಇತರ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ ಹನ್ನೆರಡು ತಿಂಗಳು ಈ ಸ್ಥಿತಿ ಇದ್ದಾಗ ಮಾತ್ರ ವೈದ್ಯರು ಆ ಹೆಸರು ಕೊಡುತ್ತಾರೆ. ಅಂಥ ಅನುಮಾನವಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಷಟ್ ಕ್ಲಿನಿಕ್ ಎಂಬ ವಿಶೇಷ ಸೇವೆಯಿದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಆಟ ರಚಿಸುವವರ ಮೇಲೂ ಹೊಣೆಯಿದೆ. ವಾರ್‌ಕ್ರಾಫ್ಟ್ ಆಟದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಪಾತ್ರವನ್ನು ಛತ್ರದಲ್ಲಿ ಮಲಗಿಸಿ ಆಟದಿಂದ ದೂರವಿದ್ದವನಿಗೆ, ಮರಳಿ ಬಂದಾಗ ಕೆಲಕಾಲ ಕಾಳಗದ ಅಂಕಗಳು ಇಮ್ಮಡಿಯಾಗಿ ದೊರೆಯುತ್ತವೆ. ವಿಶ್ರಾಂತಿಗೂ ಬೆಲೆ ಕೊಡಬಹುದೆಂಬುದಕ್ಕೆ ಇದು ಸಾಕ್ಷಿ. ಇದನ್ನು ರಚಿಸಬಲ್ಲವರು ಆರಂಭದ ಪಾಠವನ್ನು ಹಗುರಗೊಳಿಸಲೂ, ನಿತ್ಯದ ಕಟ್ಟುಗಳನ್ನು ಸಡಿಲಿಸಲೂ, ಆಟಕ್ಕೊಂದು ಮುಕ್ತಾಯವನ್ನು ಒದಗಿಸಲೂ ಬಲ್ಲರು. ಇಂದು ಇಂಥ ಆಟಗಳನ್ನು ಕಟ್ಟುವ ಕೆಲಸದಲ್ಲಿ ಬೆಂಗಳೂರಿನ ತರುಣ ತರುಣಿಯರೂ ಇದ್ದಾರೆ. ತಮ್ಮ ತಮ್ಮಂದಿರೂ ತಂಗಿಯರೂ ಬೇಸರ ಬಂದಾಗ ನಿಶ್ಚಿಂತೆಯಿಂದ ಎದ್ದು ಹೋಗಬಲ್ಲಂಥ ಆಟವನ್ನು ಅವರು ರಚಿಸಲೆಂದು ಹಾರೈಸೋಣ. ಅಲ್ಲಿಯವರೆಗೆ ನಮ್ಮ ಮನೆಯ ಮಕ್ಕಳು ತಮ್ಮ ಬೇಸರದ ಮಾತಿಗೆ ಕಿವಿಗೊಡುವುದನ್ನು ಕಲಿಯುವಂತೆ ಮಾಡುವುದು ಹಿರಿಯರಾದ ನಮ್ಮ ಕೆಲಸ.