ಬೀಗ ಹಾಕಿದ ಬಾಗಿಲು



2024ರ ಜೂನ್ 12ರಂದು ಬೆಳಗಿನ ಜಾವ ಕುವೈತಿನ ಮಂಗಫ್ ಎಂಬಲ್ಲಿ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ನಮ್ಮ ದೇಶದವರೇ 45 ಮಂದಿ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಕೇರಳದವರು. ನಮ್ಮ ಕಾಸರಗೋಡು ಜಿಲ್ಲೆಯವರೂ ಇದ್ದರು. ಎರಡು ದಿನ ಕಳೆದು ವಾಯುಸೇನೆಯ ವಿಮಾನ ಶವಪೆಟ್ಟಿಗೆಗಳನ್ನು ಕೊಚ್ಚಿಗೆ ತಂದಾಗ ನಾವೆಲ್ಲ ಅತ್ತೆವು.

ಅತ್ತದ್ದು ಸರಿ. ಆದರೆ ಅವರು ಹೇಗೆ ಸತ್ತರು ಎಂಬುದನ್ನು ಕೇಳಿ ತಿಳಿದೆವೇ? ಕೆಳ ಅಂತಸ್ತಿನ ಕಾವಲುಗಾರನ ಕೋಣೆಯಲ್ಲಿ ವಿದ್ಯುತ್ ದೋಷದಿಂದ ಬೆಂಕಿ ಎದ್ದಿತೆಂದು ಅಲ್ಲಿಯ ಅಧಿಕಾರಿಗಳು ಹೇಳಿದರು. ಕೋಣೆಗಳ ನಡುವಿನ ಅಡ್ಡಗೋಡೆಗಳು ಬೇಗ ಹೊತ್ತಿಕೊಳ್ಳುವಂಥವು. ಹೊಗೆ ಮೇಲೇರಿತು. ಮಾಳಿಗೆಯತ್ತ ಓಡಿದವರಿಗೆ ಅಲ್ಲಿಯ ಬಾಗಿಲಿಗೆ ಬೀಗ! ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ.

ಈಗ ನಮ್ಮ ಊರಿಗೆ ಬರೋಣ. ಗಲ್ಫಿನಲ್ಲಿ ಬೆವರು ಸುರಿಸಿ ತಂದ ಹಣದಿಂದಲೇ ಇಲ್ಲಿ ಪೇಟೆಯ ಬದಿಗಳಲ್ಲಿ ಎಷ್ಟೋ 'ಕ್ವಾರ್ಟರ್ಸ್'ಗಳು ಎದ್ದಿವೆ. ಬಾಡಿಗೆಗೆ ಇರುವವರು ಬಂಗಾಳ, ಬಿಹಾರ, ಅಸ್ಸಾಮಿನಿಂದ, ನಮ್ಮದೇ ಉತ್ತರ ಕರ್ನಾಟಕದಿಂದ ಬಂದ ಕೂಲಿಗಾರರು. ಇಂಥ ಒಂದು ಕೋಣೆಯೊಳಗೆ ನಾನು ಹೋಗಿದ್ದೇನೆ. ಮಲಗುವವರು ಎಂಟು ಮಂದಿ, ಬಾಗಿಲು ಒಂದೇ. ಆ ಬಾಗಿಲ ಪಕ್ಕದಲ್ಲೇ ಗ್ಯಾಸ್ ಒಲೆ. ಕಿಟಿಕಿಗೆ ತೆರೆಯಲಾಗದ ಕಬ್ಬಿಣದ ಸರಳು. ಒಂದೇ ಪ್ಲಗ್ಗಿನಿಂದ ಫ್ಯಾನು, ಇಸ್ತ್ರಿಪೆಟ್ಟಿಗೆ, ನಾಲ್ಕಾರು ಮೊಬೈಲು. ಫ್ಯೂಸ್ ಹೋದ ಜಾಗದಲ್ಲಿ ಯಾರೋ ದಪ್ಪ ತಾಮ್ರದ ತಂತಿ ಬಿಗಿದಿದ್ದರು. ಫ್ಯೂಸಿನ ತೆಳುತಂತಿ ಕರಗುವುದೇ ನಮ್ಮನ್ನು ಉಳಿಸಲಿಕ್ಕೆ. ಅದು ಕರಗದಂತೆ ಮಾಡಿದರೆ ಗೋಡೆಯೊಳಗಿನ ತಂತಿ ಕಾದು ಉರಿಯುತ್ತದೆ. ಇದು ಮಂಗಫ್ ಅಲ್ಲದೆ ಮತ್ತೇನು?

ಮಾಲಿಕರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ. "ಅವರಿಗೆ ಜಾಗ್ರತೆ ಇಲ್ಲ, ಬೀಡಿ ಸೇದಿ ಎಲ್ಲೆಂದರಲ್ಲಿ ಎಸೆಯುತ್ತಾರೆ" ಎನ್ನುತ್ತಾರೆ. ಸರಿ, ಅಜಾಗ್ರತೆ ಇರಬಹುದು. ಆದರೆ ಅಜಾಗ್ರತೆಗೆ ಮರಣದಂಡನೆ ವಿಧಿಸುವುದು ಆ ಒಂದೇ ಬಾಗಿಲು. ಅದನ್ನು ಇಟ್ಟವರು ಅವರಲ್ಲ. "ಕಳ್ಳರ ಭಯ, ಅದಕ್ಕೆ ಸರಳು, ಬೀಗ" ಎನ್ನುತ್ತಾರೆ. ಒಳಗಿನಿಂದ ತೆಗೆಯಲು ಬರುವ ಸರಳನ್ನು ಮಾಡಲು ಊರಿನ ವೆಲ್ಡಿಂಗ್‌ನವನಿಗೆ ಗೊತ್ತಿಲ್ಲವೇ? ಕೊನೆಗೆ "ಎಲ್ಲ ವಿಧಿ" ಎನ್ನುತ್ತಾರೆ. ಬಾಡಿಗೆ ವಸೂಲಿಗೆ ಮಾತ್ರ ತಾರೀಕು ತಪ್ಪುವುದಿಲ್ಲ. ಅದನ್ನು ಯಾರೂ ವಿಧಿಗೆ ಬಿಟ್ಟಿಲ್ಲ!

ಹೊಸ ಮನೆ ಕಟ್ಟಿದವನು ಮಾಳಿಗೆಗೆ ಸುತ್ತಲೂ ತಡೆಗೋಡೆ ಕಟ್ಟಬೇಕು, ಇಲ್ಲವಾದರೆ ಬಿದ್ದು ಸತ್ತವನ ರಕ್ತ ಆ ಮನೆಯ ಮೇಲಿರುವುದು ಎಂಬ ಅರ್ಥದ ನಿಯಮ ಧರ್ಮೋಪದೇಶಕಾಂಡದಲ್ಲಿದೆ. ಬಿದ್ದವನು ನೋಡಿ ನಡೆಯಬೇಕಿತ್ತು ಎಂದು ಅಲ್ಲಿ ಹೇಳಿಲ್ಲ. ಹೊಣೆ ಕಟ್ಟಿದವನದು. ನಮ್ಮ ದೇಶದ ಕಾನೂನೂ ಆ ದಾರಿ ಹಿಡಿದಿತ್ತು: ಹೊರರಾಜ್ಯದಿಂದ ಕರೆತಂದ ಕಾರ್ಮಿಕರಿಗೆ ತಕ್ಕ ವಸತಿ ಕೊಡುವುದು ಗುತ್ತಿಗೆದಾರನ ಕರ್ತವ್ಯವೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಸಾರಿತ್ತು.

ನಮ್ಮ ಸ್ವಂತ ಮನೆಗಳೂ ನಿರ್ದೋಷಿಗಳಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ರಬ್ಬರ್ ಶೀಟು, ಒಣ ಮಡಲು, ತೆಂಗಿನ ಸಿಪ್ಪೆ ತುಂಬಿಸಿಡುತ್ತೇವೆ. ಬೆಂಕಿ ಬಿದ್ದರೆ ಮಾತ್ರ "ಹೆಂಗಸು ನೋಡಿಕೊಳ್ಳಲಿಲ್ಲ" ಎಂದು ಬಿಡುತ್ತೇವೆ. ಹಳೇ ಗ್ಯಾಸ್ ಪೈಪನ್ನು ಬದಲಿಸದವರು ಯಾರು? ಇ.ಎಲ್.ಸಿ.ಬಿ. ಹಾಕಿಸಲು ಖರ್ಚೆಂದು ಹಿಂದೆಗೆದವರು ಯಾರು?

ಜಿಲ್ಲೆಯಲ್ಲಿ ಕಾಸರಗೋಡು, ಉಪ್ಪಳ, ಕುತ್ತಿಕೋಲು, ಕಾಞಂಗಾಡ್, ತ್ರಿಕ್ಕರಿಪುರಗಳಲ್ಲಿ ಅಗ್ನಿಶಾಮಕ ನಿಲಯಗಳಿವೆ. 101ಕ್ಕೆ ಅಥವಾ 112ಕ್ಕೆ ಕರೆದರೆ ಅವರು ಹೊರಡುತ್ತಾರೆ. ಆದರೆ ಗುಡ್ಡದ ಮೇಲಿನ ಮನೆಗೆ, ಓಣಿಯೊಳಗಿನ ಕ್ವಾರ್ಟರ್ಸಿಗೆ ದೊಡ್ಡ ವಾಹನ ಮುಟ್ಟುವ ತನಕದ ನಿಮಿಷಗಳು ನಮ್ಮವೇ. ಆದುದರಿಂದ ಇಷ್ಟನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಿಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಬೇಕು. ಈ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ. ಒಲೆ ಆರಿಸಿ ಮುಚ್ಚಳ ಮುಚ್ಚಿ. ತಂತಿ ಉರಿದರೆ ಮೊದಲು ಮೈನ್ ಸ್ವಿಚ್ ತೆಗೆಯಿರಿ. ಬಟ್ಟೆಗೆ ಬೆಂಕಿ ತಗಲಿದರೆ ಓಡದೆ ನೆಲದಲ್ಲಿ ಉರುಳಬೇಕು. ಹೊಗೆ ತುಂಬಿದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ಹೊರಬರಬೇಕು. ಸಾಮಾನಿಗಾಗಿ ಮರಳಿ ಒಳಗೆ ಹೋಗಬಾರದು. ಸುಟ್ಟ ಗಾಯಕ್ಕೆ ತೆಂಗಿನೆಣ್ಣೆ, ಟೂತ್‌ಪೇಸ್ಟ್ ಹಚ್ಚದೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಒಯ್ಯಿರಿ.

ಈ ಮಾತುಗಳನ್ನು ಕೂಲಿಗಾರನ ಕೋಣೆಯ ಗೋಡೆಗೂ ಅಂಟಿಸಿರಿ, ಅವನು ಓದಬಲ್ಲ ಭಾಷೆಯಲ್ಲಿ. ಮಲೆಯಾಳ ನಾಡಿನಲ್ಲಿ ಕನ್ನಡದ ಫಲಕಕ್ಕಾಗಿ ಇಷ್ಟು ವರ್ಷ ಕೇಳುತ್ತಾ ಬಂದ ನಮಗೆ, ಓದಲು ಬಾರದ ಫಲಕದ ಮುಂದೆ ನಿಲ್ಲುವುದೆಂದರೇನೆಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಕ್ವಾರ್ಟರ್ಸ್ ಕಟ್ಟಿರುವ ಬಂಧುಗಳೇ, ನಿಮ್ಮಲ್ಲಿ ಕೆಲವರಾದರೂ ಗಲ್ಫಿನಲ್ಲಿ ಒಂದು ಕೋಣೆಯಲ್ಲಿ ಹತ್ತು ಜನರೊಂದಿಗೆ ಮಲಗಿದವರು. ಆ ರಾತ್ರಿಗಳ ಸೆಕೆ ನಿಮಗೆ ನೆನಪಿದೆ. ಬರುವ ತಿಂಗಳ ಬಾಡಿಗೆಗೆ ಹೋದಾಗ ಕೈಯೊಡ್ಡುವ ಮೊದಲು ಒಳಗೆ ಹೋಗಿ ಕಿಟಿಕಿಯ ಸರಳನ್ನು ಒಮ್ಮೆ ಅಲುಗಿಸಿ ನೋಡಿ. ಅದು ತೆರೆಯದಿದ್ದರೆ ಬಾಡಿಗೆ ಅಲ್ಲೇ ಬಿಟ್ಟು ಬನ್ನಿ. ವೆಲ್ಡಿಂಗ್‌ನವನನ್ನು ಕರೆದುಕೊಂಡು ಮರಳಿ ಹೋಗಿ.